ಮೀನಿಗೆ ಗೊತ್ತಿರುವುದನ್ನೇ ಕೇಳಿ: ಜೀಬ್ರಾ ಮೀನಿನ ಮೂಲಕ ಮಿದುಳಿನ ಬೆಳವಣಿಗೆಯ ತೊಂದರೆಗಳನ್ನು ಓದುವ ದಾರಿ

ಮೊದಲೇ ಹೇಳಿಬಿಡುತ್ತೇನೆ: ಮೀನಿಗೆ ಆಟಿಸಂ ಬರುವುದಿಲ್ಲ. ಮಾತು ತಡವಾಗುವುದು, ಹೆಸರು ಹಿಡಿದು ಕರೆದರೂ ತಿರುಗದಿರುವುದು, ಆಟಿಕೆ ಕಾರಿನ ಚಕ್ರವನ್ನೇ ಗಂಟೆಗಟ್ಟಲೆ ತಿರುಗಿಸುತ್ತಾ ಕೂರುವುದು. ವೈದ್ಯರು ಮಗುವಿನಲ್ಲಿ ಆಟಿಸಂ ಗುರುತಿಸುವುದು ಇಂಥವನ್ನು ನೋಡಿ. 4 ಮಿಲಿಮೀಟರ್ ಉದ್ದದ ಜೀಬ್ರಾ ಮೀನಿನ ಮರಿಯಲ್ಲಿ ಇದನ್ನು ಎಲ್ಲಿ ಹುಡುಕುತ್ತೀರಿ?

ಆದರೆ ಅದೇ ಮರಿಯನ್ನು ಬೇರೆ ಪ್ರಶ್ನೆ ಕೇಳಬಹುದು. ಈ ಜೀನ್ ಕೆಟ್ಟರೆ ನಿನ್ನ ನಿದ್ದೆ ಕೆಡುತ್ತದಾ? ಒಂದೇ ಸದ್ದನ್ನು ಮತ್ತೆ ಮತ್ತೆ ಕೇಳಿದರೆ ಅಭ್ಯಾಸವಾಗುತ್ತದಾ, ಪ್ರತಿ ಸಲವೂ ಬೆಚ್ಚುತ್ತೀಯಾ? ನಿನ್ನ ಮಿದುಳಿನಲ್ಲಿ ತಡೆಯೊಡ್ಡುವ ನರಕೋಶಗಳು ಎಷ್ಟಿವೆ? ಇವಕ್ಕೆಲ್ಲ ಮೀನು ಚೆನ್ನಾಗಿ ಉತ್ತರ ಕೊಡುತ್ತದೆ, ಅದೂ ಒಂದು ವಾರದೊಳಗೆ. ಅದರ ಮೈ ಗಾಜಿನಂತೆ ಪಾರದರ್ಶಕ, ಮಿದುಳು ಹೊರಗಿನಿಂದಲೇ ಕಾಣುತ್ತದೆ. ಒಂದು ಜೋಡಿ ಒಂದು ಬೆಳಗ್ಗೆ 200ರ ಆಸುಪಾಸು ಮೊಟ್ಟೆ ಇಡುತ್ತದೆ. ಇಲಿಯಲ್ಲಿ ಇಷ್ಟು ಮರಿ ಬೇಕೆಂದರೆ ಎಷ್ಟು ತಿಂಗಳು ಕಾಯಬೇಕು ಯೋಚಿಸಿ.

ಹೊಸದಾಗಿ ಲ್ಯಾಬಿಗೆ ಸೇರಿದ ಎಂಎಸ್ಸಿ, ಪಿಎಚ್‌ಡಿ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಮನೆಯಲ್ಲಿ ಇಂಥ ಮಗು ಇರುವವರೂ ಓದುತ್ತಿರಬಹುದು. ನಿಮಗೊಂದು ಮಾತು: ಇಲ್ಲಿ ಬರುವ ಔಷಧದ ಹೆಸರುಗಳು ಮೀನಿನ ಕತೆ ಅಷ್ಟೇ, ಚೀಟಿ ಬರೆದುಕೊಂಡು ಅಂಗಡಿಗೆ ಹೋಗಬೇಡಿ.

1. ಜೀನ್ ಆರಿಸುವುದು

ಇಲ್ಲಿ ಅವಸರ ಮಾಡಿದವರು ಎರಡು ವರ್ಷ ಅನುಭವಿಸುತ್ತಾರೆ. "ಆಟಿಸಂ ಜೀನ್" ಅಂತ ಹುಡುಕಿದರೆ ನೂರಾರು ಹೆಸರು ಸಿಗುತ್ತವೆ. ಎಲ್ಲದರ ಸಾಕ್ಷ್ಯವೂ ಒಂದೇ ತೂಕದ್ದಲ್ಲ. ಎಸ್‌ಎಫ್‌ಎಆರ್‌ಐ ಜೀನ್ ಎಂಬ ದತ್ತಾಂಶ ಕೋಶದಲ್ಲಿ ಪ್ರತಿ ಜೀನಿಗೂ ಅಂಕ ಕೊಟ್ಟಿರುತ್ತಾರೆ. ಸಿಎಚ್‌ಡಿ8, ಎಸ್‌ಸಿಎನ್2ಎ, ಶ್ಯಾಂಕ್3, ಸಿನ್‌ಗ್ಯಾಪ್1 ಇವೆಲ್ಲ ಗಟ್ಟಿ ಕುಳಗಳು.

ಈ ಲೇಖನ ಮುಗಿಯುವವರೆಗೂ ಒಂದೇ ಜೀನ್ ಹಿಡಿದು ಹೋಗೋಣ: ಸಿಎನ್‌ಟಿಎನ್‌ಎಪಿ2. ಮನುಷ್ಯರಲ್ಲಿ ಇದು 7ನೇ ಕ್ರೋಮೋಸೋಮಿನಲ್ಲಿದೆ, ನಮ್ಮ ಅತಿ ಉದ್ದದ ಜೀನ್‌ಗಳಲ್ಲಿ ಒಂದು. ಅಮೆರಿಕದ ಆಮಿಶ್ ಸಮುದಾಯದ ಕೆಲವು ಮಕ್ಕಳಲ್ಲಿ ಇದರ ಎರಡೂ ಪ್ರತಿ ಕೆಟ್ಟಿರುವುದು 2006ರಲ್ಲಿ ವರದಿಯಾಯಿತು. ಆ ಮಕ್ಕಳಿಗೆ ಚಿಕ್ಕಂದಿನಲ್ಲೇ ಫಿಟ್ಸ್ ಶುರುವಾಗಿ, ಬಂದಿದ್ದ ಮಾತು ಹಿಂದಕ್ಕೆ ಹೋಗಿತ್ತು. ಆಟಿಸಂನ ಲಕ್ಷಣಗಳೂ ಇದ್ದವು. ಹತ್ತಿರದ ಸಂಬಂಧದಲ್ಲೇ ಮದುವೆಯಾಗುವ ಪದ್ಧತಿ ನಮ್ಮ ಕಡೆಯೂ ಇದೆಯಲ್ವಾ, ಅಕ್ಕನ ಮಗಳು, ಅತ್ತೆ ಮಗಳು ಅಂತ. ಅಪ್ಪ ಅಮ್ಮ ಇಬ್ಬರಿಂದಲೂ ಒಂದೇ ಕೆಟ್ಟ ಪ್ರತಿ ಬರುವ ಸಾಧ್ಯತೆ ಅಲ್ಲಿ ಹೆಚ್ಚು. ಹಾಗಾಗಿ ಇಂಥ ಕಾಯಿಲೆಗಳು ನಮಗೆ ದೂರದ ಮಾತಲ್ಲ.

ಇಲ್ಲೊಂದು ಎಚ್ಚರ. ಈ ಜೀನಿನ ಎರಡೂ ಪ್ರತಿ ಕೆಟ್ಟರೆ ಕಾಯಿಲೆ ಬರುತ್ತದೆ ಎಂಬುದು ಗಟ್ಟಿ. ಒಂದೇ ಪ್ರತಿ ಕೆಟ್ಟರೂ ಆಟಿಸಂ ಬರಬಹುದು ಎಂಬ ಹಳೆಯ ಮಾತು ಮುಂದಿನ ದೊಡ್ಡ ಅಧ್ಯಯನಗಳಲ್ಲಿ ನಿಲ್ಲಲಿಲ್ಲ. ಪ್ರಯೋಗದ ರೂಪ ಇದರಿಂದಲೇ ತೀರ್ಮಾನವಾಗುತ್ತದೆ: ನಾವು ಎರಡೂ ಪ್ರತಿ ಕೆಡಿಸಿದ ಮೀನು ಮಾಡಬೇಕು.

2. ಮೀನಿನಲ್ಲಿ ಆ ಜೀನ್ ಇದೆಯಾ, ಎಷ್ಟಿದೆ?

ಮನುಷ್ಯರ ಜೀನ್‌ಗಳಲ್ಲಿ ಸುಮಾರು 70 ಪ್ರತಿಶತಕ್ಕೆ ಜೀಬ್ರಾ ಮೀನಿನಲ್ಲಿ ಕನಿಷ್ಠ ಒಂದು ಜೊತೆಗಾರ ಇದೆ. 2013ರಲ್ಲಿ ಮೀನಿನ ಜೀನೋಮ್, ಅಂದರೆ ಎಲ್ಲ ಜೀನ್‌ಗಳೂ ಸೇರಿದ ಡಿಎನ್‌ಎ, ಪೂರ್ತಿ ಓದಿದಾಗ ಗೊತ್ತಾದದ್ದು. ಆ "ಕನಿಷ್ಠ" ಎಂಬ ಪದವೇ ತಲೆನೋವು. ಕೋಟ್ಯಂತರ ವರ್ಷಗಳ ಹಿಂದೆ ಈ ಮೀನುಗಳ ಪೂರ್ವಜರಲ್ಲಿ ಇಡೀ ಜೀನೋಮ್ ದುಪ್ಪಟ್ಟಾಯಿತು. ಕೆಲವು ಜೀನ್‌ಗಳ ಎರಡನೇ ನಕಲು ಕಳೆದುಹೋಯಿತು, ಕೆಲವು ಉಳಿದವು. ನಮ್ಮ ಶ್ಯಾಂಕ್3 ಒಂದೇ, ಮೀನಿನಲ್ಲಿ ಶ್ಯಾಂಕ್3ಎ, ಶ್ಯಾಂಕ್3ಬಿ. ಸಿಎನ್‌ಟಿಎನ್‌ಎಪಿ2 ಕೂಡ ಎ ಮತ್ತು ಬಿ ಅಂತ ಎರಡು. ಒಂದನ್ನು ಕೆಡಿಸಿದರೆ ಇನ್ನೊಂದು ಕೆಲಸ ಸುಧಾರಿಸಿಕೊಂಡು ಹೋಗಬಹುದು. ಆಗ ನಿಮಗೆ ಏನೂ ಕಾಣುವುದಿಲ್ಲ, ಜೀನಿಗೆ ಕೆಲಸವೇ ಇಲ್ಲ ಅಂದುಕೊಳ್ಳುತ್ತೀರಿ.

ಜಿಫಿನ್ ಎಂಬ ಜಾಲತಾಣದಲ್ಲಿ ಜೀನಿನ ಹೆಸರು ಹಾಕಿ. ಯಾವ ದಿನ, ಮಿದುಳಿನ ಯಾವ ಭಾಗದಲ್ಲಿ ಆ ಜೀನ್ ಕೆಲಸ ಮಾಡುತ್ತದೆ, ಯಾರಾದರೂ ಆಗಲೇ ಕೆಟ್ಟ ಮೀನಿನ ತಳಿ ಮಾಡಿದ್ದಾರಾ ಎಲ್ಲ ಸಿಗುತ್ತದೆ. ಆಗಲೇ ತಳಿ ಇದ್ದರೆ ತರಿಸಿಕೊಳ್ಳಿ. ಒಂಬತ್ತು ತಿಂಗಳು ಉಳಿಯುತ್ತದೆ. ಯಾಕೆ ಒಂಬತ್ತು ಅಂತ ಮುಂದೆ ಹೇಳುತ್ತೇನೆ.

3. ಅನುಮತಿ, ಆಮೇಲೆ ಮೀನು

ಭಾರತದಲ್ಲಿ ಮೀನೂ ಪ್ರಯೋಗಪ್ರಾಣಿಯೇ. ಸಂಸ್ಥೆಯ ಪ್ರಾಣಿ ನೀತಿ ಸಮಿತಿಗೆ ಎಷ್ಟು ಮೀನು, ಯಾವ ವಯಸ್ಸು, ಕೊನೆಗೆ ಹೇಗೆ ನೋವಿಲ್ಲದೆ ಕೊಲ್ಲುತ್ತೀರಿ ಎಂದು ಬರೆದುಕೊಡಬೇಕು. ಜೀನ್ ತಿದ್ದುವುದರಿಂದ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆಯೂ ಬೇಕು. ಇದಕ್ಕೆ ತಿಂಗಳುಗಳು ಹಿಡಿಯಬಹುದು, ಮೊದಲ ವಾರವೇ ಅರ್ಜಿ ಹಾಕಿ.

ಮೀನು ಎಲ್ಲಿಂದ? ಅಕ್ವೇರಿಯಂ ಅಂಗಡಿಯಲ್ಲಿ ಇದೇ ಮೀನು ಅಗ್ಗಕ್ಕೆ ಸಿಗುತ್ತದೆ. ತರಬೇಡಿ. ಅದರ ತಾಯಿ ತಂದೆ ಯಾರು, ಒಳಗೆ ಯಾವ ರೋಗ ಇದೆ, ಗೊತ್ತಿರುವುದಿಲ್ಲ. ತಮಾಷೆ ಏನೆಂದರೆ ಜಗತ್ತಿನ ಲ್ಯಾಬುಗಳಲ್ಲೆಲ್ಲ ಬಳಸುವ ಎಬಿ ಎಂಬ ತಳಿ ಶುರುವಾದದ್ದೇ ಸಾಕುಮೀನಿನ ಅಂಗಡಿಯಿಂದ. ಅಮೆರಿಕದ ಆರೆಗನ್‌ನಲ್ಲಿ ಜಾರ್ಜ್ ಸ್ಟ್ರೈಸಿಂಗರ್ 1970ರ ದಶಕದಲ್ಲಿ ತಂದು ಸಾಕಿದ್ದು. ಅವರು ಆಮೇಲೆ ಎಷ್ಟೋ ತಲೆಮಾರು ಅದನ್ನು ಸೋಸಿದರು, ನಮಗೆ ಅಷ್ಟು ವ್ಯವಧಾನ ಇಲ್ಲ. ಡಬ್ಲ್ಯೂಐಕೆ ಎಂಬ ಇನ್ನೊಂದು ತಳಿಯ ಹೆಸರು ಬಿಡಿಸಿದರೆ "ವೈಲ್ಡ್ ಇಂಡಿಯಾ ಕೋಲ್ಕತ್ತಾ".

ಮೀನೇ ನಮ್ಮ ಕಡೆಯದು. ಇದಕ್ಕೆ ಶಾಸ್ತ್ರೀಯ ಹೆಸರಿಟ್ಟು 1822ರಲ್ಲಿ ವರ್ಣಿಸಿದವರು ಫ್ರಾನ್ಸಿಸ್ ಹ್ಯಾಮಿಲ್ಟನ್, ಗಂಗೆಯ ಮೀನುಗಳ ಪುಸ್ತಕದಲ್ಲಿ. ಟಿಪ್ಪು ಬಿದ್ದ ಮೇಲೆ 1800ರಲ್ಲಿ ಮೈಸೂರು ಸೀಮೆ ಸುತ್ತಿ, ಊರೂರಿನ ಬೆಳೆ, ಮಗ್ಗ, ಜಾತಿ ಎಲ್ಲ ಬರೆದಿಟ್ಟ ಬುಕನನ್ ಇದ್ದರಲ್ಲ, ಅವರೇ ಇವರು. ಆಮೇಲೆ ಹೆಸರು ಬದಲಿಸಿಕೊಂಡರು.

ತೊಟ್ಟಿಯ ನೀರು 28.5 ಡಿಗ್ರಿ. 14 ಗಂಟೆ ಬೆಳಕು, 10 ಗಂಟೆ ಕತ್ತಲು. ಬೆಳಕಿನ ಟೈಮರ್ ಕೈಕೊಟ್ಟರೆ ಮೊಟ್ಟೆ ಇಲ್ಲ, ಅಷ್ಟೇ.

4. ಜೀನ್ ಕೆಡಿಸುವುದು

2000ದಿಂದ ಸುಮಾರು ಹದಿನೈದು ವರ್ಷ ಎಲ್ಲರೂ ಮಾರ್ಫೊಲಿನೊ ಚುಚ್ಚುತ್ತಿದ್ದರು. ಜೀನನ್ನು ಮುಟ್ಟದೆ, ಅದರ ಸಂದೇಶವನ್ನಷ್ಟೇ ಕೆಲವು ದಿನ ತಡೆಯುವ ಕೃತಕ ಎಳೆ ಅದು. 2015ರಲ್ಲಿ ದೊಡ್ಡ ಹೋಲಿಕೆ ಮಾಡಿದಾಗ, ಮಾರ್ಫೊಲಿನೊ ಚುಚ್ಚಿದ ಮೀನಿನಲ್ಲಿ ಕಂಡ ಎಷ್ಟೋ ದೋಷಗಳು ಜೀನ್ ಕೆಡಿಸಿದ ಮೀನಿನಲ್ಲಿ ಕಾಣಲೇ ಇಲ್ಲ. ಕೆಲವು ಕಡೆ ಮಾರ್ಫೊಲಿನೊದ ಅಡ್ಡ ಪರಿಣಾಮ ಕಾರಣ. ಕೆಲವು ಕಡೆ ವಿಷಯ ಬೇರೆ: ಜೀನ್ ಕೆಟ್ಟಾಗ ಮೀನು ಅದರ ದಾಯಾದಿ ಜೀನ್‌ಗಳನ್ನು ಜಾಸ್ತಿ ದುಡಿಸಿ ಹೊಂದಿಸಿಕೊಳ್ಳುತ್ತದೆ. ಹಾಗಾಗಿ ಹಳೆಯ ಲೇಖನ ಓದುವಾಗ ಮೊದಲು ವಿಧಾನದ ಭಾಗಕ್ಕೆ ಹೋಗಿ, ಮಾರ್ಫೊಲಿನೊ ಚುಚ್ಚಿದ್ದಾ, ಜೀನ್ ಕೆಡಿಸಿದ್ದಾ ಎಂದು ನೋಡಿ.

ಈಗ ಕ್ರಿಸ್ಪರ್, ಅಂದರೆ ಡಿಎನ್‌ಎಯನ್ನು ಬೇಕಾದ ಜಾಗದಲ್ಲೇ ಕತ್ತರಿಸಿ ಜೀನ್ ಕೆಡಿಸುವ ವಿಧಾನ. ಜೀಬ್ರಾ ಮೀನಿನಲ್ಲಿ 2013ರಿಂದ ಬಳಕೆಯಲ್ಲಿದೆ. ಕೆಲಸ ಹೀಗೆ:

ಹಿಂದಿನ ಸಂಜೆ ಗಂಡು ಹೆಣ್ಣನ್ನು ಒಂದೇ ಡಬ್ಬಿಯಲ್ಲಿ ನಡುವೆ ಪಾರದರ್ಶಕ ತಡಿಕೆ ಹಾಕಿ ಬಿಡಿ. ಬೆಳಗ್ಗೆ ದೀಪ ಹತ್ತಿದ ಮೇಲೆ ತಡಿಕೆ ತೆಗೆಯಿರಿ. ಗಂಡು ಅಟ್ಟಿಸಿಕೊಂಡು ಹೋಗುತ್ತದೆ. ಹತ್ತಿಪ್ಪತ್ತು ನಿಮಿಷದಲ್ಲಿ ಸಾಬಕ್ಕಿಯಂಥ ಮೊಟ್ಟೆಗಳು ಜಾಲರಿಯಿಂದ ಕೆಳಗೆ ಉದುರುತ್ತವೆ. ಜಾಲರಿ ಇಲ್ಲದಿದ್ದರೆ ಅಪ್ಪ ಅಮ್ಮನೇ ತಿಂದುಬಿಡುತ್ತವೆ. ಇಲ್ಲಿಂದ ಗಡಿಯಾರ ಶುರು. ಮುಕ್ಕಾಲು ಗಂಟೆಗೆ ಒಂದು ಕೋಶ ಎರಡಾಗುತ್ತದೆ, ಅಷ್ಟರೊಳಗೆ ಚುಚ್ಚಿ ಮುಗಿಸಬೇಕು. ಎರಡಾದ ಮೇಲೆ ಚುಚ್ಚಿದರೆ ಮೈಯಲ್ಲಿ ಅರ್ಧ ಕೋಶ ಕೆಟ್ಟದ್ದು, ಅರ್ಧ ಸರಿಯಿದ್ದದ್ದು ಎಂಬ ಕಲಬೆರಕೆ ಮೀನು ಸಿಗುತ್ತದೆ.

ಸೂಜಿಯಲ್ಲಿ ಕತ್ತರಿಸುವ ಕ್ಯಾಸ್9 ಪ್ರೋಟೀನು, ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಗೈಡ್ ಆರ್‌ಎನ್‌ಎ, ಕಣ್ಣಿಗೆ ಕಾಣಲೆಂದು ಸ್ವಲ್ಪ ಫಿನಾಲ್ ರೆಡ್ ಬಣ್ಣ. ಒಂದು ಮೊಟ್ಟೆಗೆ 1 ನ್ಯಾನೊಲೀಟರ್. ಅಳೆಯುವುದು ಹೇಗೆ? ಅಳತೆಪಟ್ಟಿ ಇರುವ ಗಾಜಿನ ಮೇಲೆ ಖನಿಜ ಎಣ್ಣೆ ಹಾಕಿ, ಅದರೊಳಗೆ ಒಂದು ಹನಿ ಊದಿ. ಹನಿಯ ಅಡ್ಡಳತೆ 0.12 ಮಿಲಿಮೀಟರ್ ಬಂದರೆ 1 ನ್ಯಾನೊಲೀಟರ್‌ಗೆ ಹತ್ತಿರ. ಸೂಜಿ ಬದಲಿಸಿದಾಗಲೆಲ್ಲ ಮತ್ತೆ ಅಳೆಯಿರಿ.

ಕೈ ಕುದುರಿದೆಯಾ ಅಂತ ನೋಡಲು ಮೊದಲ ದಿನ ಬಣ್ಣದ ಜೀನ್ ಕೆಡಿಸಿ. ಎಸ್‌ಎಲ್‌ಸಿ24ಎ5 ಕೆಡಿಸಿದರೆ ಎರಡು ಮೂರು ದಿನದಲ್ಲಿ ಮರಿಯ ಕಪ್ಪು ಮಾಸುತ್ತದೆ, ಬರಿಗಣ್ಣಿಗೇ ಫಲಿತಾಂಶ. ಮನುಷ್ಯರ ಚರ್ಮದ ಬಣ್ಣದಲ್ಲಿ ಈ ಜೀನಿಗೆ ಪಾತ್ರ ಇದೆ ಎಂಬುದು 2005ರಲ್ಲಿ ತಿಳಿದದ್ದೇ ಒಂದು ಮಾಸಲು ಬಣ್ಣದ ಜೀಬ್ರಾ ಮೀನಿನಿಂದ. ನಮ್ಮ ಮನೆಗಳಲ್ಲಿ "ಇವಳು ಬಿಳಿ, ಇವನು ಕಪ್ಪು" ಅಂತ ನಡೆಯುವ ಮಾತಿನ ಹಿಂದೆ ಈ ಜೀನಿನ ಕೈವಾಡವೂ ಸ್ವಲ್ಪ ಇದೆ.

ಚುಚ್ಚಿದ ಮರಿಯಲ್ಲೇ ಐದನೇ ದಿನ ಪರೀಕ್ಷೆ ಮಾಡುವ ದಾರಿಯೂ ಇದೆ. ಒಂದು ಜೀನಿಗೆ ಮೂರು ಬೇರೆ ಬೇರೆ ಗೈಡ್ ಹಾಕಿದರೆ ಬಹುತೇಕ ಎಲ್ಲ ಕೋಶಗಳಲ್ಲೂ ಜೀನ್ ಕೆಡುತ್ತದೆ. ಹತ್ತು ಜೀನ್‌ಗಳಲ್ಲಿ ಯಾವುದು ಕೈಹಿಡಿಯುವಂಥದ್ದು ಅಂತ ನೋಡಲು ಇದು ಒಳ್ಳೆಯದು. ಆದರೆ ಪ್ರಬಂಧ ನಿಲ್ಲಬೇಕಾದರೆ ಸ್ಥಿರ ತಳಿ ಬೇಕು. ಚುಚ್ಚಿದ ಮೀನು ಬೆಳೆಯಲು ಮೂರು ತಿಂಗಳು. ಅದನ್ನು ಸಹಜ ಮೀನಿನ ಜೊತೆ ಕೂಡಿಸಿ, ಮರಿ ಬೆಳೆಸಿ, ಬಾಲದ ತುದಿ ಚೂರು ಕತ್ತರಿಸಿ ಡಿಎನ್‌ಎ ನೋಡಲು ಇನ್ನು ಮೂರು. ಇನ್ನೊಂದು ತಲೆಮಾರಿಗೆ ಮತ್ತೆ ಮೂರು. ಒಟ್ಟು ಒಂಬತ್ತು, ಒಂದು ಬಸಿರಿನಷ್ಟು ಕಾಲ.

5. ಲೆಕ್ಕ, ಮತ್ತು ಯಾರು ಯಾರೆಂದು ನೋಡದೆ ಇರುವುದು

ಒಂದೇ ಪ್ರತಿ ಕೆಟ್ಟ ಗಂಡು ಹೆಣ್ಣು ಕೂಡಿಸಿದರೆ ಮರಿಗಳಲ್ಲಿ ಕಾಲು ಭಾಗ ಎರಡೂ ಪ್ರತಿ ಕೆಟ್ಟವು, ಅರ್ಧ ಒಂದು ಕೆಟ್ಟವು, ಕಾಲು ಭಾಗ ಸರಿಯಿದ್ದವು. 96 ವೆಲ್‌ಗಳ, ಅಂದರೆ ಪುಟ್ಟ ಗುಣಿಗಳ, ಪ್ಲೇಟಿನಲ್ಲಿ 24 ಮೀನು ನಿಮ್ಮದು. ಸಾಕು. ಆದರೆ ನಮ್ಮದು ಎ ಮತ್ತು ಬಿ ಎರಡು ಜೀನ್. ಎರಡರಲ್ಲೂ ಒಂದೊಂದು ಕೆಟ್ಟ ಜೋಡಿ ಕೂಡಿಸಿದರೆ ನಾಲ್ಕೂ ಪ್ರತಿ ಕೆಟ್ಟ ಮರಿ ಹದಿನಾರರಲ್ಲಿ ಒಂದು. 96ರಲ್ಲಿ ಬರೀ 6. ಪ್ಲೇಟಿನ ಮೇಲೆ ಪ್ಲೇಟು ಓಡಿಸಬೇಕು. ಸಿಎನ್‌ಟಿಎನ್‌ಎಪಿ2 ಹಿಡಿದವರು ಬೆವರು ಸುರಿಸುವುದು ಇಲ್ಲಿಯೇ, ಅದಕ್ಕೇ ಹೇಳಿದ್ದು ಜೀನ್ ಆರಿಸುವಾಗ ಅವಸರ ಬೇಡ ಅಂತ.

ಯಾರು ಕೆಟ್ಟವರು, ಯಾರು ಸರಿಯಿದ್ದವರು ಎಂದು ಪ್ರಯೋಗ ಮುಗಿದ ಮೇಲೆ ನೋಡಿ, ಮೊದಲೇ ಅಲ್ಲ. ಹೋಲಿಕೆಗೆ ಬೇರೆ ತೊಟ್ಟಿಯ ಸಹಜ ಮೀನು ತರಬೇಡಿ. ಒಂದೇ ಸೂಲಿನ ಅಣ್ಣತಮ್ಮ ಅಕ್ಕತಂಗಿಯರೇ ಹೋಲಿಕೆ. ಒಂದೇ ನೀರು, ಒಂದೇ ಬೆಳಗು, ಒಂದೇ ತಾಯಿಯ ಮೊಟ್ಟೆ. ಕೆಲವು ಜೀನ್‌ಗಳಲ್ಲಿ ಇದು ಕಷ್ಟ. ಡ್ರಾವೆ ಸಿಂಡ್ರೋಮ್ ಎಂಬ ಗಡುಸಾದ ಮೂರ್ಛೆರೋಗಕ್ಕೆ ಬಳಸುವ ಎಸ್‌ಸಿಎನ್1ಲ್ಯಾಬ್ ಎಂಬ ಜೀನ್ ಕೆಟ್ಟ ಮೀನಿನ ಮೈ ಕಪ್ಪಾಗಿರುತ್ತದೆ, ನೋಡಿದ ತಕ್ಷಣ ಗೊತ್ತಾಗಿಬಿಡುತ್ತದೆ. ಆಗ ಎಣಿಸುವ ಕೆಲಸ ಕಂಪ್ಯೂಟರಿಗೆ ಬಿಡಿ, ನಿಮ್ಮ ಕಣ್ಣು ಬೇಡ.

6. ಐದು ದಿನ ಸಾಕುವುದು

ಮೊಟ್ಟೆಗಳನ್ನು ಇ3 ಎಂಬ ಉಪ್ಪುನೀರಿನಲ್ಲಿಡಿ: ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು, ಬೂಷ್ಟು ಬರದಂತೆ ಒಂದೆರಡು ಹನಿ ಮೆಥಿಲೀನ್ ಬ್ಲೂ. ಒಂದು ಪೆಟ್ರಿ ತಟ್ಟೆಗೆ 50ಕ್ಕಿಂತ ಜಾಸ್ತಿ ತುಂಬಬೇಡಿ. ಕಿಕ್ಕಿರಿದರೆ ಬೆಳವಣಿಗೆ ಹಿಂದೆ ಬೀಳುತ್ತದೆ, ಹಿಂದೆ ಬಿದ್ದ ಮರಿ ಕಮ್ಮಿ ಈಜುತ್ತದೆ, ನೀವು ಅದನ್ನು ಜೀನಿನ ತಲೆಗೆ ಕಟ್ಟುತ್ತೀರಿ. ಬಿಳುಪಾಗಿ ಸತ್ತ ಮೊಟ್ಟೆಯನ್ನು ದಿನಾ ಹೆಕ್ಕಿ ತೆಗೆಯಿರಿ.

24 ಗಂಟೆಗೆ ಹೃದಯ ಬಡಿಯುತ್ತಿರುತ್ತದೆ. ಎರಡನೇ ಮೂರನೇ ದಿನ ಮರಿ ಹೊರಬರುತ್ತದೆ. ಐದನೇ ದಿನ ತಾನೇ ಈಜಿ ಬೇಟೆಗೆ ಹೊರಡುತ್ತದೆ. ಆವತ್ತು ಪ್ರತಿ ಮರಿಯ ಗಾಳಿಚೀಲ ನೋಡಿ, ತಲೆಯ ಹಿಂದೆ ಪುಟ್ಟ ಗುಳ್ಳೆಯಂತೆ ಹೊಳೆಯುತ್ತದೆ. ಗಾಳಿ ತುಂಬದಿದ್ದರೆ ಮರಿ ತಳಕ್ಕೆ ಮುಳುಗುತ್ತದೆ, ಅದರ ಈಜಿನ ಲೆಕ್ಕಕ್ಕೆ ಅರ್ಥವಿಲ್ಲ. ಬದಿಗಿಡಿ, ಎಷ್ಟು ಬದಿಗಿಟ್ಟಿರಿ ಎಂದು ಬರೆದೂ ಇಡಿ. ಬದಿಗಿಟ್ಟವರಲ್ಲಿ ಮುಕ್ಕಾಲು ಜನ ಕೆಟ್ಟ ಜೀನಿನವರೇ ಆಗಿದ್ದರೆ ಅದೇ ಒಂದು ಫಲಿತಾಂಶ ಅಲ್ವಾ?

ಮರಿಯನ್ನು ಬಣ್ಣವಿಲ್ಲದಂತೆ ಇಡಲು ಹಲವರು ಪಿಟಿಯು ಎಂಬ ರಾಸಾಯನಿಕ ಹಾಕುತ್ತಾರೆ. ಅದು ಥೈರಾಯ್ಡ್ ತಡೆಯುವ ವಸ್ತು, ಮಿದುಳು ಬೆಳೆಯಲು ಥೈರಾಯ್ಡ್ ಬೇಕು. ಮಿದುಳಿನ ಬೆಳವಣಿಗೆ ನೋಡಲು ಹೊರಟವರು ಅದನ್ನು ಹಾಕುವುದು ನನಗಂತೂ ಸರಿಬರುವುದಿಲ್ಲ. ನೇಕರ್ ಎಂಬ ತಳಿಗೆ ಮೈಯಲ್ಲಿ ಕಪ್ಪಿಲ್ಲ, ಕಣ್ಣಿನಲ್ಲಿ ಮಾತ್ರ ಇದೆ. ನಿಮ್ಮ ಜೀನನ್ನು ಆ ತಳಿಗೆ ಸೇರಿಸಿಕೊಳ್ಳಿ.

7. ನಡವಳಿಕೆ

ಒಂದು ವೆಲ್ಲಿಗೆ ಒಂದು ಮರಿ. ಅಗಲ ಬಾಯಿಯ ಪಿಪೆಟ್ಟಿನಲ್ಲಿ ಎತ್ತಿ, ಮೆತ್ತಗೆ ಬಿಡಿ. ಕ್ಯಾಮೆರಾ ಪೆಟ್ಟಿಗೆಯೊಳಗಿಟ್ಟು ಅರ್ಧ ಗಂಟೆ ಸುಮ್ಮನೆ ಬಿಡಿ. ಇಡೀ ಪ್ಲೇಟು 28 ಡಿಗ್ರಿಯಲ್ಲಿರಲಿ. ಬೆಳಗ್ಗೆ ಒಂದು ಪ್ಲೇಟು, ಸಂಜೆ ಒಂದು ಪ್ಲೇಟು ಮಾಡಿ ಹೋಲಿಸಬೇಡಿ. ಮರಿಗೂ ಹೊತ್ತು ಗೊತ್ತು.

ಇಲ್ಲಿ ನನ್ನದೊಂದು ಕತೆ. ಶುರುವಿನ ದಿನಗಳಲ್ಲಿ ಮೂರು ಪ್ಲೇಟು ಮುಗಿಸಿ, ಮರಿಗಳನ್ನೆಲ್ಲ ಡಿಎನ್‌ಎಗೆ ಹಾಕಿ, ಫಲಿತಾಂಶ ಕೂಡಿಸಿದರೆ ಎರಡು ಪ್ಲೇಟಿನಲ್ಲಿ ಸೊಗಸಾದ ವ್ಯತ್ಯಾಸ, ಮೂರನೆಯದರಲ್ಲಿ ಏನೂ ಇಲ್ಲ. ವಾರವೆಲ್ಲ ತಲೆ ಕೆಡಿಸಿಕೊಂಡೆ. ಕೊನೆಗೆ ವಿಡಿಯೊ ಮತ್ತೆ ನೋಡಿದರೆ, ಎ1 ಮೂಲೆಯ ವೆಲ್ಲಿನಲ್ಲಿ ಮರಿಯೇ ಇಲ್ಲ. ನನ್ನ ಪುಸ್ತಕದ ಪ್ರಕಾರ ಖಾಲಿ ಇದ್ದದ್ದು ಎದುರು ಮೂಲೆಯ ಎಚ್12. ಪ್ಲೇಟನ್ನು ಪೂರ್ತಿ ತಿರುಗಿಸಿ ಇಟ್ಟಿದ್ದೆ. ಮೊದಲನೆಯವನ ಈಜು ಕೊನೆಯವನ ಲೆಕ್ಕಕ್ಕೆ ಹೋಗಿತ್ತು. ಅವತ್ತಿನಿಂದ ಎರಡು ಅಭ್ಯಾಸ: ಎ1 ಮೂಲೆಗೆ ಮಾರ್ಕರಿನ ದಪ್ಪ ಗೆರೆ, ಮತ್ತೆ ಬೇಕೆಂದೇ ಒಂದು ಗೊತ್ತಿರುವ ವೆಲ್ ಖಾಲಿ. ಆ ಖಾಲಿ ವೆಲ್ ವಿಡಿಯೊದಲ್ಲೂ ಡಿಎನ್‌ಎ ತಟ್ಟೆಯಲ್ಲೂ ಒಂದೇ ಜಾಗದಲ್ಲಿ ಇರಬೇಕು. ಇಲ್ಲದಿದ್ದರೆ ಆ ಪ್ಲೇಟು ತಿಪ್ಪೆಗೆ.

ಯಾವ ಪರೀಕ್ಷೆ ಮೊದಲು? ಬೆಳಕು ಕತ್ತಲೆಯದು ಎಲ್ಲಕ್ಕಿಂತ ಸುಲಭ. ಹತ್ತು ನಿಮಿಷ ಬೆಳಕು, ಹತ್ತು ನಿಮಿಷ ಕತ್ತಲು. ದೀಪ ಆರಿದ ತಕ್ಷಣ ಮರಿಗಳು ಗಾಬರಿಯಾಗಿ ಜೋರಾಗಿ ಈಜುತ್ತವೆ, ಆಮೇಲೆ ನಿಧಾನವಾಗಿ ತಣ್ಣಗಾಗುತ್ತವೆ. ಇದು ಬಾರದಿದ್ದರೆ ಮೊದಲು ಕಣ್ಣು ಕಾಣುತ್ತದೆಯಾ ನೋಡಿ, ಮಿದುಳಿನ ಮಾತು ಆಮೇಲೆ.

ನನಗೆ ಹೆಚ್ಚು ಇಷ್ಟದ್ದು ಬೆಚ್ಚುವ ಪರೀಕ್ಷೆ. ತಟ್ಟೆಯ ಕೆಳಗೆ ಒಂದು ತಟ್ಟು ಕೊಟ್ಟರೆ ಮರಿ ಕೆಲವೇ ಮಿಲಿಸೆಕೆಂಡಿನಲ್ಲಿ ಇಂಗ್ಲಿಷ್ ಸಿ ಅಕ್ಷರದಂತೆ ಬಾಗಿ ಚಿಮ್ಮುತ್ತದೆ. ಇದನ್ನು ನಡೆಸುವುದು ಹಿಂಮಿದುಳಿನಲ್ಲಿರುವ ಮೌತ್ನರ್ ಎಂಬ ಒಂದು ಜೊತೆ ದೈತ್ಯ ನರಕೋಶಗಳು. ಎಡಕ್ಕೊಂದು, ಬಲಕ್ಕೊಂದು. ಸೆಕೆಂಡಿಗೆ 1000 ಚಿತ್ರ ಹಿಡಿಯುವ ಕ್ಯಾಮೆರಾ ಬೇಕು, ಮೊಬೈಲಿನಲ್ಲಿ ಆಗುವುದಿಲ್ಲ. ಇನ್ನು ಸೆಕೆಂಡಿಗೊಂದರಂತೆ ತಟ್ಟುತ್ತಾ ಹೋಗಿ. ಸಹಜ ಮರಿ ಸ್ವಲ್ಪ ಹೊತ್ತಿಗೆ ಬೆಚ್ಚುವುದನ್ನು ಬಿಡುತ್ತದೆ. ರೈಲ್ವೆ ಹಳಿ ಪಕ್ಕದ ಮನೆಯವರಿಗೆ ರೈಲಿನ ಸದ್ದು ಕೇಳಿಸದ ಹಾಗೆ. ಬಿಡದೆ ಬೆಚ್ಚುತ್ತಲೇ ಇದ್ದರೆ ಸದ್ದನ್ನು ಸೋಸುವ ಕೆಲಸದಲ್ಲಿ ಏನೋ ಎಡವಟ್ಟಾಗಿದೆ. ಸದ್ದು, ಬೆಳಕು ತಡೆದುಕೊಳ್ಳಲಾರದ ಮಕ್ಕಳನ್ನು ನೋಡಿದವರಿಗೆ ಈ ಪರೀಕ್ಷೆ ಯಾಕೆ ಮುಖ್ಯ ಅಂತ ಬಿಡಿಸಿ ಹೇಳಬೇಕಿಲ್ಲ. ಹಾಗೆಂದು ಎರಡೂ ಒಂದೇ ಎಂದು ಬರೆಯಬೇಡಿ.

ನಿದ್ದೆಗೆ ಎರಡು ರಾತ್ರಿ, ಮೂರು ಹಗಲು ಬಿಡದೆ ಚಿತ್ರೀಕರಿಸಬೇಕು. ಒಂದು ನಿಮಿಷಕ್ಕಿಂತ ಹೆಚ್ಚು ಅಲ್ಲಾಡದೆ ಇದ್ದರೆ ನಿದ್ದೆ ಎಂದು ಲೆಕ್ಕ. ಸಿಎನ್‌ಟಿಎನ್‌ಎಪಿ2ದ ಎರಡೂ ಜೀನ್ ಕೆಟ್ಟ ಮರಿಗಳು ರಾತ್ರಿ ಮಲಗದೆ ಓಡಾಡುತ್ತವೆ ಎಂಬುದು 2016ರಲ್ಲಿ ಎಲೆನ್ ಹಾಫ್‌ಮನ್ ಮತ್ತು ಜೊತೆಗಾರರು ಕಂಡದ್ದು. ಹಗಲು ಮಾತ್ರ ನೋಡಿ ಕೈ ತೊಳೆದುಕೊಂಡಿದ್ದರೆ ಸಿಗುತ್ತಿರಲಿಲ್ಲ. ಫಿಟ್ಸ್ ತರಿಸುವ ಪಿಟಿಜೆಡ್ ಎಂಬ ರಾಸಾಯನಿಕಕ್ಕೂ ಅವು ಬೇಗ ಬಗ್ಗುತ್ತಿದ್ದವು.

ಬೆರೆಯುವ ಗುಣ ನೋಡಬೇಕೆಂದರೆ ಐದನೇ ದಿನ ಪ್ರಯೋಜನವಿಲ್ಲ. ಒಂದು ಮೀನು ಇನ್ನೊಂದರ ಪಕ್ಕ ಬಂದು ನಿಲ್ಲುವ ಆಸೆ ಸುಮಾರು ಮೂರು ವಾರಕ್ಕೆ ಬರುತ್ತದೆ. ಅಲ್ಲಿಯವರೆಗೆ ಸಾಕಬೇಕು, ಪ್ಯಾರಮೀಸಿಯಂ, ಆರ್ಟೀಮಿಯಾ ಎಂಬ ಪುಟ್ಟ ಜೀವಿಗಳ ಊಟ ಹಾಕಬೇಕು, ಒಂದಷ್ಟು ಸಾಯುತ್ತವೆ.

8. ಮಿದುಳಿನ ಒಳಗೆ

ನಡವಳಿಕೆ ಬದಲಾಗಿದೆ ಎಂದಾದರೆ ಎಲ್ಲಿ ಎಂದು ಹುಡುಕಬೇಕು. 2013ರಲ್ಲಿ ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದಲ್ಲಿ ಮರಿಯ ಸುಮಾರು ಒಂದು ಲಕ್ಷ ನರಕೋಶಗಳಲ್ಲಿ ಶೇಕಡಾ 80ಕ್ಕಿಂತ ಹೆಚ್ಚನ್ನು ಅವು ಮಿನುಗುವಾಗಲೇ ಚಿತ್ರೀಕರಿಸಿದರು. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಸ್ಥೆಯಲ್ಲಿ ವತ್ಸಲಾ ತಿರುಮಲೈ ಅವರ ಗುಂಪು ಇದೇ ಮರಿಗಳ ಕಿರುಮಿದುಳಿನ ಕೋಶಗಳಿಂದ ನೇರವಾಗಿ ವಿದ್ಯುತ್ ದಾಖಲಿಸುತ್ತದೆ. ಎಲ್ಲ ಲ್ಯಾಬಿಗೂ ಆ ಯಂತ್ರ, ಆ ಕೈ ಇರುವುದಿಲ್ಲ. ಸಾಧಾರಣ ಕಾನ್‌ಫೋಕಲ್ ಸೂಕ್ಷ್ಮದರ್ಶಕ ಇದ್ದರೆ ಪಿ-ಇಆರ್‌ಕೆ ವಿಧಾನ ಹಿಡಿಯಿರಿ. ಈಗಷ್ಟೇ ದುಡಿದ ನರಕೋಶದಲ್ಲಿ ಹೆಚ್ಚುವ ಪ್ರೋಟೀನಿಗೆ ಬಣ್ಣ ಹಚ್ಚಿ, ನೂರು ಮಿದುಳುಗಳನ್ನು ಒಂದೇ ನಕ್ಷೆಯ ಮೇಲೆ ಕೂರಿಸುವುದು. 2019ರಲ್ಲಿ ಸ್ಕಿಜೋಫ್ರೇನಿಯಾಕ್ಕೆ ನಂಟಿರುವ 132 ಜೀನ್‌ಗಳನ್ನು ಹೀಗೇ ಜಾಲಾಡಿದರು.

ತಲೆ ಗಾತ್ರದ ವಿಷಯ ಮಾತ್ರ ನಿಧಾನ. ಎರಡು ಕಣ್ಣಿನ ನಡುವಿನ ಅಂತರ ಅಳೆದು "ಮಿದುಳು ದೊಡ್ಡದಾಯಿತು" ಎಂದು ಬರೆಯುವ ಚಪಲ ಎಲ್ಲರಿಗೂ ಇರುತ್ತದೆ. ಮನುಷ್ಯರ 16ನೇ ಕ್ರೋಮೋಸೋಮಿನ ಒಂದು ತುಂಡು ಕಳೆದುಹೋದವರಲ್ಲಿ ತಲೆ ದೊಡ್ಡದಾಗುವುದುಂಟು, ಅದೇ ತುಂಡು ಹೆಚ್ಚಾದವರಲ್ಲಿ ಚಿಕ್ಕದಾಗುವುದುಂಟು. ಆ ತುಂಡಿನ ಜೀನ್‌ಗಳನ್ನು ಒಂದೊಂದಾಗಿ ಜೀಬ್ರಾ ಮೀನಿನಲ್ಲಿ ಪರೀಕ್ಷಿಸಿ, ಕೆಸಿಟಿಡಿ13 ಎಂಬುದೇ ಕಾರಣ ಎಂದು 2012ರಲ್ಲಿ ದೊಡ್ಡ ಸುದ್ದಿಯಾಯಿತು. 2017ರಲ್ಲಿ ಬೇರೆ ಗುಂಪು ಇಲಿಯಲ್ಲೂ ಮೀನಿನಲ್ಲೂ ಆ ಜೀನನ್ನು ಪೂರ್ತಿ ಕಿತ್ತು ನೋಡಿತು. ಮಿದುಳಿನ ಗಾತ್ರ ಬದಲಾಗಲಿಲ್ಲ. ನರಕೋಶಗಳ ನಡುವಿನ ಸಂವಹನ ಮಾತ್ರ ಇಲಿಯಲ್ಲಿ ತಗ್ಗಿತ್ತು.

ಎಲ್ಲವೂ ಹೀಗೆ ಕೈಕೊಡುವುದಿಲ್ಲ. ಸಿಎಚ್‌ಡಿ8 ಕೆಟ್ಟ ಮಕ್ಕಳಲ್ಲಿ ತಲೆ ದೊಡ್ಡದಿರುವುದರ ಜೊತೆಗೆ ಮಲಬದ್ಧತೆಯೂ ಸಾಮಾನ್ಯ. 2014ರಲ್ಲಿ ಆ ಜೀನ್ ತಗ್ಗಿಸಿದ ಮೀನಿಗೆ ಹೊಳೆಯುವ ಮಣಿ ಬೆರೆಸಿದ ಊಟ ಹಾಕಿದರು. ಊಟ ಕರುಳಿನಲ್ಲಿ ನಿಧಾನವಾಗಿ ಸಾಗಿತು. ಬರೀ ತಲೆ ನೋಡುವವರು ಹೊಟ್ಟೆಯನ್ನೂ ನೋಡಿ.

ಸಿಎನ್‌ಟಿಎನ್‌ಎಪಿ2 ಮೀನಿನಲ್ಲಿ ಮುಂಮಿದುಳಿನ ಗಾಬಾ ನರಕೋಶಗಳು, ಅಂದರೆ ಬ್ರೇಕು ಒತ್ತುವ ಕೋಶಗಳು, ಕಮ್ಮಿಯಿದ್ದವು. ಪಿಟಿಜೆಡ್‌ಗೆ ಬೇಗ ಬಗ್ಗಿದ್ದಕ್ಕೆ ಇದು ಹೊಂದುತ್ತದೆ. ಆದರೆ ನೆನಪಿಡಿ: ಮೀನಿಗೆ ನಮ್ಮಂತೆ ಆರು ಪದರದ ಮಿದುಳು ತೊಗಟೆ ಇಲ್ಲ. ತೊಗಟೆಯ ಪದರ ಅಡ್ಡಾದಿಡ್ಡಿಯಾಗುವುದೇ ಕಾಯಿಲೆಯ ಮೂಲವಾಗಿದ್ದರೆ ಆ ಪ್ರಶ್ನೆಯನ್ನು ಇಲಿಗೆ ಕೇಳಿ.

9. ಔಷಧ ಸುರಿದು ನೋಡುವುದು

ಮೀನಿನ ದೊಡ್ಡ ಲಾಭ ಇದು. ಔಷಧವನ್ನು ನೀರಿಗೆ ಹಾಕಿದರೆ ಸಾಕು, ಹೀರಿಕೊಳ್ಳುತ್ತದೆ. 2013ರಲ್ಲಿ ಡ್ರಾವೆ ಮೀನಿನ ಮೇಲೆ ಸ್ಕಾಟ್ ಬರಾಬಾನ್ ಗುಂಪು 320 ವಸ್ತುಗಳನ್ನು ಪರೀಕ್ಷಿಸಿ, ಕ್ಲೆಮಿಜೋಲ್ ಎಂಬ ಹಳೆಯ ಅಲರ್ಜಿ ಔಷಧ ಫಿಟ್ಸ್ ತಗ್ಗಿಸುತ್ತದೆ ಎಂದು ಕಂಡಿತು. ಸಿಎನ್‌ಟಿಎನ್‌ಎಪಿ2 ಮೀನಿನ ರಾತ್ರಿ ಓಡಾಟವನ್ನು ಈಸ್ಟ್ರೊಜೆನ್ ಗುಣದ ಬಯೊಕ್ಯಾನಿನ್ ಎ ಎಂಬ ಸಸ್ಯಮೂಲದ ವಸ್ತು ತಗ್ಗಿಸಿತು.

ಇಲ್ಲಿ ಬೀಳುವ ಹಳ್ಳ ಒಂದೇ. ಜಾಸ್ತಿ ಓಡಾಡುವ ಮೀನಿಗೆ ಮಂಪರು ಬರಿಸಿದರೆ ಓಡಾಟ ನಿಲ್ಲುತ್ತದೆ. ಅದು ವಾಸಿಯಾದದ್ದಲ್ಲ. ಅದೇ ಔಷಧವನ್ನು ಅದೇ ಪ್ರಮಾಣದಲ್ಲಿ ಸಹಜ ಮರಿಗೂ ಹಾಕಿ. ಸಹಜ ಮರಿ ಎಂದಿನಂತಿದ್ದು ಕೆಟ್ಟ ಜೀನಿನದು ಮಾತ್ರ ಸುಧಾರಿಸಿದರೆ ಮುಂದೆ ಹೋಗಿ. ಬಯೊಕ್ಯಾನಿನ್ ವಿಷಯ ಜನ ಗಮನಿಸಿದ್ದು ಈ ಕಾರಣಕ್ಕೇ. ಔಷಧ ಕರಗಿಸಿದ ಡಿಎಂಎಸ್‌ಒ ಎಂಬ ದ್ರವ ಎಲ್ಲ ವೆಲ್‌ಗಳಲ್ಲೂ ಒಂದೇ ಅಳತೆಯಲ್ಲಿರಲಿ. ಆಮೇಲೆ ಮರಿಯನ್ನು ಸೂಜಿಮೊನೆಯಿಂದ ಮೆಲ್ಲಗೆ ಮುಟ್ಟಿ ನೋಡಿ. ಮುಟ್ಟಿದರೂ ಓಡದಿದ್ದರೆ ಅದಕ್ಕೆ ಮಂಪರು ಹತ್ತಿದೆ.

ಲೆಕ್ಕ ಹಾಕುವಾಗ 24 ಮರಿ ಎಂದರೆ 24 ಸಲ ಪ್ರಯೋಗ ಮಾಡಿದಂತಲ್ಲ. ಅವು ಒಂದೇ ಸೂಲಿನವು. ಬೇರೆ ಬೇರೆ ವಾರ, ಬೇರೆ ಬೇರೆ ಜೋಡಿಗಳಿಂದ ಕನಿಷ್ಠ ಮೂರು ಸೂಲು ಮಾಡಿ, ಮೂರರಲ್ಲೂ ಒಂದೇ ದಿಕ್ಕಿಗೆ ಬಂತಾ ನೋಡಿ. ಬರೆಯುವಾಗ "ಆಟಿಸಂ ಮೀನು" ಎನ್ನಬೇಡಿ. "ಸಿಎನ್‌ಟಿಎನ್‌ಎಪಿ2 ಕೆಟ್ಟ ಮೀನಿನಲ್ಲಿ ರಾತ್ರಿಯ ಚಟುವಟಿಕೆ ಹೆಚ್ಚು" ಎನ್ನಿ. ಮೊದಲನೆಯದು ಪತ್ರಿಕೆಯವರಿಗೆ ಇಷ್ಟ, ಎರಡನೆಯದು ಸತ್ಯ.

ಮೊದಲ ವಾರದ ಪಂಚಾಂಗ

ಮಂಗಳವಾರ ಸಂಜೆ ಐದಕ್ಕೆ ಜೋಡಿ ಹಾಕಿ, ತಡಿಕೆ ಮರೆಯಬೇಡಿ. ಬುಧವಾರ ಬೆಳಗ್ಗೆ ದೀಪ ಹತ್ತಿದಾಗ ತಡಿಕೆ ತೆಗೆದು, ಮೊಟ್ಟೆ ಬಿದ್ದ ಹೊತ್ತನ್ನು ತಟ್ಟೆಯ ಮೇಲೆಯೇ ಬರೆಯಿರಿ. ಸಂಜೆ ಸತ್ತವನ್ನು ಹೆಕ್ಕಿ. ಗುರುವಾರ, ಶುಕ್ರವಾರ ನೀರು ಬದಲಿಸಿ. ಶನಿವಾರ ಹೊರಬಂದ ಸಿಪ್ಪೆ ತೆಗೆಯಿರಿ, ಅದರಲ್ಲೇ ಬೂಷ್ಟು ಹಿಡಿಯುವುದು. ಭಾನುವಾರ ಯಾರಾದರೂ ಒಂದು ಸಲ ಬಂದು ಉಷ್ಣತೆ ನೋಡಿ ಹೋದರೆ ಸಾಕು. ಸೋಮವಾರ ಐದನೇ ದಿನ: ಗಾಳಿಚೀಲ ನೋಡಿ, ಪ್ಲೇಟಿಗೆ ಹಾಕಿ, ಎ1ಕ್ಕೆ ಗೆರೆ ಎಳೆಯಿರಿ. ಜೋಡಿಯನ್ನು ಸೋಮವಾರ ಸಂಜೆ ಹಾಕಿದರೆ ಐದನೇ ದಿನ ಭಾನುವಾರಕ್ಕೆ ಬೀಳುತ್ತದೆ. ಮೀನಿಗೆ ರಜೆ ಇಲ್ಲ, ನಿಮಗೂ ಇರುವುದಿಲ್ಲ.